‘ಲಕ್ಕಿ’ ಅಂದರೆ ಸಾಕೇ?

ಕಳೆದ ವಾರ ಮೊಮ್ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಕೈಯಲ್ಲಿ ಗಣಿತದ ಉತ್ತರಪತ್ರಿಕೆ. 25ಕ್ಕೆ 24 ಅಂಕ!

“ಇಷ್ಟು ಅಂಕ ತೆಗೆದು ಅಳುವುದೇನು ಮರೀ?” ಎಂದೆ.

“ಎಲ್ಲರೂ ‘ಯು ಆರ್ ಸೋ ಲಕ್ಕಿ’ ಅಂದರು ತಾತ. ತಿಂಗಳಿಡೀ ಬೆಳಿಗ್ಗೆ ಬೇಗ ಎದ್ದು ಲೆಕ್ಕ ಮಾಡಿದ್ದು ಯಾರಿಗೂ ಕಾಣಲೇ ಇಲ್ಲ.”

ಅವಳ ದುಃಖ ನ್ಯಾಯವಾದದ್ದೇ. ನಮ್ಮ ‘ಅದೃಷ್ಟ’ ಎಂಬ ಮಾತಿಗೆ ಕಣ್ಣಿಗೆ ಕಾಣದ್ದು ಎಂದೇ ಅರ್ಥ. ಇಂಗ್ಲಿಷಿನ ‘ಲಕ್’ ಸುಮಾರು 15ನೇ ಶತಮಾನದಲ್ಲಿ ಡಚ್ಚರ ಕಡೆಯ ಆಡುನುಡಿಯಿಂದ ಬಂದದ್ದು. ಜೂಜಾಟದ ಮಾತಾಗಿಯೇ ಬಂದಿರಬೇಕೆಂದು ಭಾಷಾತಜ್ಞರ ಊಹೆ. ದಾಳ ಉರುಳಿಸಿ ಗೆದ್ದವನನ್ನು ‘ಲಕ್ಕಿ’ ಎನ್ನಬಹುದು. ಓದಿ ಗೆದ್ದವಳನ್ನು? ಅವಳಿಗೆ ‘ವೆಲ್ ಡನ್’ ಎನ್ನಬೇಕು.

ಆ ಸಂಜೆ ಕಾಫಿ ಕುಡಿಯುತ್ತಾ ನಾವಿಬ್ಬರೂ ಲಕ್‌ನ ಮಾತುಗಳನ್ನು ಒಂದೊಂದಾಗಿ ಹೆಕ್ಕಿದೆವು.

ಪರೀಕ್ಷೆಗೆ ಹೊರಟವರಿಗೆ ‘ಗುಡ್ ಲಕ್’, ‘ಬೆಸ್ಟ್ ಆಫ್ ಲಕ್’. ನಮ್ಮ ‘ಒಳ್ಳೆಯದಾಗಲಿ’ ಇದ್ದ ಹಾಗೆ. ನಾಟಕಕ್ಕೆ ರಂಗವೇರುವವರಿಗೆ ಮಾತ್ರ ‘ಬ್ರೇಕ್ ಎ ಲೆಗ್’ ಎನ್ನುತ್ತಾರೆ. ‘ಕಾಲು ಮುರಿದುಕೋ’ ಎಂದು ಶಾಪವಲ್ಲ, ಹಾರೈಕೆಯೇ! ರಂಗಭೂಮಿಯಲ್ಲಿ ನೇರವಾಗಿ ‘ಗುಡ್ ಲಕ್’ ಎಂದರೆ ಅಪಶಕುನ ಎಂಬ ನಂಬಿಕೆ. ಫಲಿತಾಂಶಕ್ಕೆ ಕಾಯುವಾಗ ತೋರುಬೆರಳ ಮೇಲೆ ನಡುಬೆರಳು ಹೆಣೆದು ‘ಫಿಂಗರ್ಸ್ ಕ್ರಾಸ್ಡ್’ ಎನ್ನುವುದುಂಟು. ಎಲ್ಲ ಸರಿಹೋಗಲಿ ಎಂಬ ಆಸೆ ಅದು.

“ಈ ವರ್ಷ ನನಗೆ ಒಂದು ನೆಗಡಿಯೂ ಬಂದಿಲ್ಲ, ‘ಟಚ್ ವುಡ್’” ಎಂದಳು ಅಜ್ಜಿ, ಮೇಜು ಮುಟ್ಟಿ. ನಾವು ‘ದೃಷ್ಟಿ ತಾಗದಿರಲಿ’ ಎನ್ನುವ ಕಡೆ ಇಂಗ್ಲಿಷರು ಮರ ಮುಟ್ಟುತ್ತಾರೆ. ಅಮೆರಿಕದವರು ‘ನಾಕ್ ಆನ್ ವುಡ್’ ಎಂದು ಮರ ತಟ್ಟುತ್ತಾರೆ.

ನಿರೀಕ್ಷೆಯೇ ಇಲ್ಲದೆ ಒಳ್ಳೆಯದಾದರೆ ‘ಇಟ್ಸ್ ಯುವರ್ ಲಕ್ಕಿ ಡೇ’. ನಾವಾದರೆ ‘ಇವತ್ತು ನರಿ ಮುಖ ನೋಡಿ ಎದ್ದೆಯಾ?’ ಎಂದು ಕೇಳುತ್ತೇವೆ.

ಎರಡು ಮಾತುಗಳಲ್ಲಿ ಎಚ್ಚರ ಬೇಕು. ‘ಔಟ್ ಆಫ್ ಲಕ್’ ಎಂದರೆ ಅದೃಷ್ಟ ಕೈಕೊಟ್ಟಿತು ಎಂದು. ಅಮೆರಿಕದವರ ಬಾಯಲ್ಲಿ ‘ಲಕ್ಡ್ ಔಟ್’ ಎಂದರೆ ಅದೃಷ್ಟ ಖುಲಾಯಿಸಿತು ಎಂದು. ಕೇಳಲು ಒಂದೇ, ಅರ್ಥ ತದ್ವಿರುದ್ಧ!

ಇನ್ನೂ ಒಂದಿದೆ. ಒಂದು ಚಾಕಲೇಟು ಸಿಕ್ಕಿತೆಂದು ಇನ್ನೊಂದು, ಮತ್ತೊಂದು ಎಂದು ಕೇಳುತ್ತಾ ಹೋದರೆ ‘ಡೋಂಟ್ ಪುಶ್ ಯುವರ್ ಲಕ್’. ಸಿಕ್ಕಿದ್ದು ಸಾಕು, ಅತಿಯಾಸೆ ಬೇಡ ಎಂಬ ಬುದ್ಧಿಮಾತು. ಮೊಮ್ಮಗಳು ಇದನ್ನು ಕೇಳಿಸಿಕೊಳ್ಳದವಳಂತೆ ಮೂರನೆಯ ಚಕ್ಕುಲಿಗೆ ಕೈ ಹಾಕಿದಳು.

“ಸೋತವರಿಗೆ ಏನನ್ನಬೇಕು ತಾತ?”

“‘ಹಾರ್ಡ್ ಲಕ್’ ಅನ್ನು. ನೀನು ಪ್ರಯತ್ನ ಮಾಡಿದ್ದೆ, ಆದರೂ ಕೈತಪ್ಪಿತು ಎಂಬ ಸಮಾಧಾನ ಅದರಲ್ಲಿದೆ. ‘ಬೆಟರ್ ಲಕ್ ನೆಕ್ಸ್ಟ್ ಟೈಮ್’ ಎಂದರೆ ಮುಂದಿನ ಸಲ ಒಳ್ಳೆಯದಾಗಲಿ ಎಂಬ ಹಾರೈಕೆ. ಆದರೆ ನಗುತ್ತಾ ಹೇಳಿದರೆ ಅದೇ ಮಾತು ಚುಚ್ಚುತ್ತದೆ. ಪದಕ್ಕಿಂತ ದನಿ ಮುಖ್ಯ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನನ್ನ ಪಕ್ಕದಲ್ಲಿ ಕೂರುವವಳಿಗೆ 9 ಬಂತು. ‘ಬೆಟರ್ ಲಕ್ ನೆಕ್ಸ್ಟ್ ಟೈಮ್’ ಅಂದುಬಿಟ್ಟೆ. ನಕ್ಕೂ ಬಿಟ್ಟೆ.”

ಮರುದಿನ ಸಂಜೆ ಆ ಹುಡುಗಿ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದಳು. ಇಬ್ಬರ ನಡುವೆ ಒಂದೇ ಲೆಕ್ಕದ ಪುಸ್ತಕ, ಒಂದು ತಟ್ಟೆ ಚಕ್ಕುಲಿ. ‘ಲಕ್’ ಎಂಬ ಮಾತು ಆ ಸಂಜೆ ಯಾರ ಬಾಯಲ್ಲೂ ಬರಲಿಲ್ಲ.