ಸೋರುವ ಕವಾಟ, 21 ದಿನದ ಸೂಜಿ

‘ಗುಳಿಗ್ಯಾಗ ಆರಾಮ ಆಕ್ಕೈತೇನ್ರೀ, ಆಪ್ರೇಷನ್ನೇ ಬೇಕೇನ್ರೀ?’ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಹೃದಯದ ಎಕೋ ರಿಪೋರ್ಟು ಹಿಡಿದು ದಾವಣಗೆರೆಗೋ ಬಳ್ಳಾರಿಗೋ ಬೆಂಗಳೂರಿನ ಜಯದೇವ ಆಸ್ಪತ್ರೆಗೋ ಹೋದಾಗ ಮೊದಲು ಕೇಳುವುದು ಇದನ್ನೇ. ಉತ್ತರ ಇರುವುದು ಹೃದಯದ ಕವಾಟ, ಅಂದರೆ ವಾಲ್ವು, ಯಾಕೆ ಸೋರುತ್ತಿದೆ ಎಂಬುದರಲ್ಲಿ.

ಹೃದಯದ ಸ್ನಾಯು ಸೋತು ಹಿಗ್ಗಿದರೆ, ಕವಾಟದ ಎಸಳುಗಳು ಚೆನ್ನಾಗಿದ್ದರೂ ಒಂದಕ್ಕೊಂದು ಕೂಡುವುದಿಲ್ಲ. ಇಲ್ಲಿ ಔಷಧಿಗೆ ನಿಜವಾದ ಬಲವಿದೆ. ಬೀಟಾ ಬ್ಲಾಕರ್, ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್ ಮುಂತಾದವನ್ನು ಕ್ರಮವಾಗಿ ನುಂಗಿದರೆ ಹಲವರಲ್ಲಿ ಹೃದಯದ ಗಾತ್ರ ಇಳಿದು ಸೋರಿಕೆಯೂ ತಗ್ಗುತ್ತದೆ.

ಎಸಳೇ ಕೆಟ್ಟಿದ್ದರೆ ಮಾತು ಬೇರೆ. ಅದನ್ನು ಹೊಲಿಯುವ ಗುಳಿಗೆ ಇನ್ನೂ ಬಂದಿಲ್ಲ. ಫ್ರುಸೆಮೈಡ್ ಮೈಯಲ್ಲಿ ನಿಂತ ನೀರನ್ನು ಹೊರಹಾಕುತ್ತದೆ, ಕಾಲಿನ ಬಾವು ಇಳಿಯುತ್ತದೆ, ದಮ್ಮು ಕಮ್ಮಿಯಾಗುತ್ತದೆ. ವಾಸಿಯಾಯಿತೆಂದು ಆಸ್ಪತ್ರೆಯ ದಾರಿ ಮರೆಯುವುದು ಆಗಲೇ. ಹೃದಯ ಪೂರ್ತಿ ಸೋಲುವ ಮೊದಲೇ ಕವಾಟ ರಿಪೇರಿ ಮಾಡಿಸಬೇಕೋ ಬದಲಿಸಬೇಕೋ ಎಂದು ತೀರ್ಮಾನಿಸಲು ಆಗಾಗ ಎಕೋ ಬೇಕೇ ಬೇಕು.

ನಮ್ಮಲ್ಲಿ ಚಿಕ್ಕ ವಯಸ್ಸಿನವರ ಎಸಳು ಕೆಡಿಸುವ ದೊಡ್ಡ ಕಳ್ಳ ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಗಂಟಲು ನೋವು ಬರುತ್ತದೆ. ಎರಡು-ಮೂರು ವಾರದ ಮೇಲೆ ಜ್ವರ, ಮಂಡಿಯಿಂದ ಮೊಣಕೈಗೆ ಹಾರುವ ಕೀಲುಬಾವು. ಕೀಲು ತಾನೇ ಸರಿಹೋಗುತ್ತದೆ, ಕವಾಟದ ಕಲೆ ಉಳಿಯುತ್ತದೆ. ಜ್ವರ ಮರುಕಳಿಸಿದಷ್ಟೂ ಕಲೆ ಹೆಚ್ಚು. ಜ್ವರ ಮರುಕಳಿಸದಂತೆ ತಡೆಯುವುದು ಬೆಂಜಥೀನ್ ಪೆನಿಸಿಲಿನ್ ಸೂಜಿ: ದೊಡ್ಡವರಿಗೆ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ. ಉಗಾಂಡಾದಲ್ಲಿ ಎಕೋದಲ್ಲಷ್ಟೇ ಕಾಣುವ ಆರಂಭದ ದೋಷವಿದ್ದ 818 ಮಕ್ಕಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ರೋಗ ಮುಂದುವರಿದದ್ದು ಶೇ 0.8, ಹಾಕಿಸಿಕೊಳ್ಳದವರಲ್ಲಿ ಶೇ 8.2. ಇಷ್ಟು ಅಗ್ಗದ ಔಷಧಿಯಿಂದ ಇಷ್ಟು ದೊಡ್ಡ ಲಾಭ ಹೃದ್ರೋಗದಲ್ಲಿ ಅಪರೂಪ.

ತೊಡಕು ಸೂಜಿಯದ್ದಷ್ಟೇ ಅಲ್ಲ, ಕ್ಯಾಲೆಂಡರಿನದೂ ಹೌದು. ನೋವು ವಿಪರೀತ, ಮಕ್ಕಳು ಅಳುತ್ತಾರೆ. ಕವಾಟ ಕೆಟ್ಟಿದ್ದರೆ ಕನಿಷ್ಠ 10 ವರ್ಷ, ಅಥವಾ 40ರ ವಯಸ್ಸಿನವರೆಗೆ, ಯಾವುದು ಹೆಚ್ಚೋ ಅಲ್ಲಿಯವರೆಗೆ ಬಿಡುವಂತಿಲ್ಲ. ಇತ್ತ ತಾಂಡಾಗಳಿಂದ, ಒಣಬೇಸಾಯದ ಹಳ್ಳಿಗಳಿಂದ ಜನ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಕ್ಕಳೂ ಜೊತೆಗೆ ಹೊರಟರೆ ಸೂಜಿಯ ದಿನ ತಪ್ಪುತ್ತದೆ.

ಗುಳೆ ಹೊರಡುವ ಮುನ್ನ ಡಾಕ್ಟರ ಹತ್ತಿರ ಔಷಧಿಯ ಹೆಸರು, ಪ್ರಮಾಣ, ಮುಂದಿನ ತಾರೀಖು ಬರೆಸಿಕೊಳ್ಳಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಬರೆಸಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಆ ಚೀಟಿ ತೋರಿಸಿ, ತಾರೀಖು ತಪ್ಪದಂತೆ ಸೂಜಿ ಹಾಕಿಸಿ.