ಕೈಯಲ್ಲಿ ನರ ಸಿಗದಾಗ

ನಾಗಸ್ವರ ಊದುವವರ ಕೊರಳನ್ನು ಗಮನಿಸಿದ್ದೀರಾ? ಉಸಿರು ಬಿಗಿಹಿಡಿದು ಊದುವಾಗ ದವಡೆಯ ಮೂಲೆಯಿಂದ ಕೊರಳೆಲುಬಿನವರೆಗೆ ಹಗ್ಗದಂಥದೊಂದು ಗೆರೆ ಉಬ್ಬಿ ನಿಲ್ಲುತ್ತದೆ. ‘ಕತ್ತಿನ ನರ ಉಬ್ಬಿಸಿಕೊಂಡು’ ಜಗಳಾಡುವವರಲ್ಲಿ ಕಾಣುವುದೂ ಇದೇ. ಆಡುಮಾತಿನಲ್ಲಿ ನರ ಎಂದರೂ ಅದು ನರವಲ್ಲ, ತಲೆಯ ಕಡೆಯಿಂದ ಹೃದಯಕ್ಕೆ ರಕ್ತವನ್ನು ಮರಳಿ ಒಯ್ಯುವ ಅಭಿಧಮನಿ. ಹಳೆಯ ಮಾತಿನಲ್ಲಿ ಹೇಳುವುದಾದರೆ ಸೆರೆ. ವೈದ್ಯರು ಇದನ್ನು ಎಕ್ಸ್‌ಟರ್ನಲ್ ಜುಗುಲರ್ ಎನ್ನುತ್ತಾರೆ. ಈ ಸೆರೆಗೆ ಸೂಜಿ ಚುಚ್ಚುವ ಅಧಿಕಾರ ನರ್ಸ್‌ಗೆ ಇರಬೇಕೇ ಎಂಬುದು ಅಮೆರಿಕದಲ್ಲಿ ಚರ್ಚೆಗೆ ಬಂದ ಪ್ರಶ್ನೆ.

ಡ್ರಿಪ್ ಹಾಕಲು ಮೊದಲು ಹುಡುಕುವುದು ಕೈಯನ್ನೇ. ಆದರೆ ಎಲ್ಲರ ಕೈಯಲ್ಲೂ ‘ನರ ಸಿಗುವುದಿಲ್ಲ’. ಕ್ಯಾನ್ಸರ್ ಔಷಧಿಗಳನ್ನು ಮತ್ತೆ ಮತ್ತೆ ಪಡೆದವರ ರಕ್ತನಾಳಗಳು ಗಡುಸಾಗಿರುತ್ತವೆ. ಸ್ಥೂಲಕಾಯದವರಲ್ಲಿ ಅವು ಕೊಬ್ಬಿನಡಿ ಅಡಗಿರುತ್ತವೆ. ಮೂತ್ರಪಿಂಡದ ರೋಗಿಗಳಲ್ಲಿ ಡಯಾಲಿಸಿಸ್‌ಗೆಂದು ತೋಳಿನ ನಾಳಗಳನ್ನು ಕಾಪಾಡಬೇಕಾಗುತ್ತದೆ. ಎಲ್ಲಕ್ಕಿಂತ ಕಠಿಣವಾದುದು ರಕ್ತವೋ ನೀರೋ ವಿಪರೀತ ನಷ್ಟವಾದ ರೋಗಿಯ ಸ್ಥಿತಿ. ಆಗ ದೇಹವು ಹೃದಯ ಮತ್ತು ಮಿದುಳಿಗೆ ರಕ್ತ ಉಳಿಸಲು ಕೈಕಾಲಿನ ನಾಳಗಳನ್ನು ಹಿಂಡಿ ಕಿರಿದಾಗಿಸುತ್ತದೆ. ಸೂಜಿ ತೀರ ಅಗತ್ಯವಾದ ಗಳಿಗೆಯಲ್ಲೇ ಕೈಯ ನಾಳಗಳು ಮಾಯವಾಗುತ್ತವೆ.

ಆಗ ನೆನಪಿಗೆ ಬರುವುದು ಕೊರಳು. ರೋಗಿಯ ತಲೆ ತಗ್ಗಾಗುವಂತೆ ಮಂಚವನ್ನು ಓರೆ ಮಾಡಿ, ಮುಖವನ್ನು ಇನ್ನೊಂದು ಬದಿಗೆ ಹೊರಳಿಸಿ, ಕೊರಳೆಲುಬಿನ ಮೇಲ್ಗಡೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸೆರೆ ತುಂಬಿಕೊಳ್ಳುತ್ತದೆ. ಬಳಿಕ ಸೂಜಿಯ ಮೇಲೆ ತೊಡಿಸಿದ ಪ್ಲಾಸ್ಟಿಕ್ ಕೊಳವೆಯನ್ನು ಹೃದಯದ ದಿಕ್ಕಿಗೆ ಒಳತಳ್ಳುತ್ತಾರೆ. ತಲೆ ತಗ್ಗಿಸುವುದು ಸೆರೆ ಉಬ್ಬಲೆಂದು ಮಾತ್ರವಲ್ಲ. ಉಸಿರು ಒಳಗೆಳೆದಾಗ ಕೊರಳ ಸೆರೆಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಬಹುದು. ಆಗ ಕೊಳವೆಯ ಬಾಯಿ ತೆರೆದಿದ್ದರೆ ಗಾಳಿ ಒಳನುಗ್ಗಿ ಹೃದಯಕ್ಕೆ ಸೇರಿ ಪ್ರಾಣಕ್ಕೇ ಕುತ್ತು ತರಬಹುದು.

ಇಲ್ಲೊಂದು ಭೇದವನ್ನು ತಿಳಿಯಬೇಕು. ಈ ಸೆರೆ ಕತ್ತಿನ ದೊಡ್ಡ ಸ್ನಾಯುವಿನ ಮೇಲೆ, ಚರ್ಮಕ್ಕೆ ಸಮೀಪದಲ್ಲಿದೆ. ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಾಗುತ್ತದೆ. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಮತ್ತು ಇನ್ನೊಂದು ದೊಡ್ಡ ಜುಗುಲರ್ ಇರುವುದು ಸ್ನಾಯುವಿನ ಅಡಿಯಲ್ಲಿ. ಆ ಆಳದ ಸೆರೆಗೆ ಕೊಳವೆ ಹಾಕುವುದು ಸಾಮಾನ್ಯವಾಗಿ ವೈದ್ಯರ ಕೆಲಸ. ಚರ್ಚೆ ನಡೆದದ್ದು ಮೇಲಿನ ಸೆರೆಯ ಕುರಿತು.

ರಕ್ತನಾಳಕ್ಕೆ ನೇರವಾಗಿ ದ್ರವ ಕೊಡುವ ಚಿಕಿತ್ಸೆಗೆ ದೀರ್ಘ ಚರಿತ್ರೆಯಿದೆ. ವಿಲಿಯಂ ಹಾರ್ವೆ ರಕ್ತಪರಿಚಲನೆಯ ಕುರಿತ ಗ್ರಂಥವನ್ನು ಪ್ರಕಟಿಸಿದ್ದು 1628ರಲ್ಲಿ. 1831ರಲ್ಲಿ ಬ್ರಿಟನ್ನಿಗೆ ಕಾಲರಾ ಬಂದಾಗ ರೋಗಿಗಳ ರಕ್ತ ನೀರು ಮತ್ತು ಲವಣ ಕಳೆದುಕೊಂಡಿದೆ ಎಂದು ತೋರಿಸಿದವನು ವಿಲಿಯಂ ಓಶಾಗ್ನೆಸಿ. ಮುಂದೆ ಕಲ್ಕತ್ತೆಗೆ ಬಂದು ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನೂ ಇವನೇ. ಅವನ ವಿಚಾರವನ್ನು 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಊರಿನ ವೈದ್ಯ ಥಾಮಸ್ ಲಾಟಾ ಪ್ರಯೋಗಿಸಿ ನೋಡಿದ. ಸಾವಿನಂಚಿನಲ್ಲಿದ್ದ ವೃದ್ಧೆಯೊಬ್ಬಳ ತೋಳಿನ ಸೆರೆಗೆ ಅರ್ಧ ಗಂಟೆಯಲ್ಲಿ 6 ಪಿಂಟ್, ಅಂದರೆ ಮೂರು ಲೀಟರಿಗೂ ಹೆಚ್ಚು ಉಪ್ಪುನೀರು ಹರಿಸಿದ. ಆಕೆ ಚೇತರಿಸಿಕೊಂಡಳು. ಗಂಡಾಂತರ ಕಳೆಯಿತೆಂದು ಅವನು ಆಸ್ಪತ್ರೆಯ ವೈದ್ಯರಿಗೆ ಒಪ್ಪಿಸಿ ಹೊರಟ. ವಾಂತಿಭೇದಿ ಮರುಕಳಿಸಿತು, ಆದರೆ ಮತ್ತೆ ನೀರು ಹರಿಸಲಿಲ್ಲ. ಐದೂವರೆ ಗಂಟೆಯಲ್ಲಿ ಆಕೆ ತೀರಿಕೊಂಡಳು. ಸೆರೆಗೆ ದಾರಿ ಮಾಡಿದರಷ್ಟೇ ಸಾಲದು, ಪಕ್ಕದಲ್ಲಿ ಕಾಯುವವರೂ ಬೇಕು.

ಆ ಕಾಯುವವರು ನರ್ಸುಗಳಾದರು. ಆದರೆ ಸೂಜಿ ಬಹುಕಾಲ ವೈದ್ಯರ ಕೈಯಲ್ಲೇ ಉಳಿಯಿತು. 1940ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಏಡಾ ಪ್ಲೂಮರ್ ಎಂಬ ನರ್ಸ್‌ಗೆ ಈ ಕೆಲಸವನ್ನು ವಹಿಸಿತು. ದ್ರವ ಮತ್ತು ರಕ್ತ ಕೊಡುವುದರ ಜೊತೆಗೆ ಸೂಜಿಗಳನ್ನು ತೊಳೆದು ಸಾಣೆ ಹಿಡಿಯುವುದೂ ಅವರ ಪಾಲಿಗಿತ್ತು. 1950ರಲ್ಲಿ ಮೇಯೊ ಕ್ಲಿನಿಕ್‌ನ ಡೇವಿಡ್ ಮಾಸಾ ಮತ್ತು ಸಂಗಡಿಗರು ಪ್ಲಾಸ್ಟಿಕ್ ಸೂಜಿಯನ್ನು ಪ್ರಕಟಿಸಿದರು. ಉಕ್ಕಿನ ಸೂಜಿ ತೆಗೆದ ಮೇಲೂ ಮೆದು ಕೊಳವೆ ಒಳಗುಳಿಯುವ ಈ ಉಪಾಯ ಡ್ರಿಪ್ಪನ್ನು ದಿನನಿತ್ಯದ ಕೆಲಸವಾಗಿಸಿತು.

2008ರಲ್ಲಿ ಅಮೆರಿಕದ ಇನ್ಫ್ಯೂಷನ್ ನರ್ಸಸ್ ಸೊಸೈಟಿ ತನ್ನ ನಿಲುವನ್ನು ಪ್ರಕಟಿಸಿತು: ತರಬೇತಿ ಪಡೆದು, ಸಾಮರ್ಥ್ಯ ತೋರಿಸಿದ ನೋಂದಾಯಿತ ನರ್ಸ್ ಈ ಸೆರೆಗೆ ಕೊಳವೆ ಹಾಕಬಹುದು. ಆದರೆ ಅಲ್ಲಿ ನರ್ಸುಗಳ ಕಾರ್ಯವ್ಯಾಪ್ತಿಯನ್ನು ನಿರ್ಧರಿಸುವುದು ಆಯಾ ರಾಜ್ಯದ ಮಂಡಳಿ, ಅದರೊಳಗೆ ಆಯಾ ಆಸ್ಪತ್ರೆಯ ನಿಯಮ. ಹಾಗಾಗಿ ಒಂದೆಡೆ ಒಪ್ಪಿತವಾದುದು ಇನ್ನೊಂದೆಡೆ ಆಗದಿರಬಹುದು.

ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಅಪರೂಪಕ್ಕೆ ಮಾಡುವ ಕೆಲಸದಲ್ಲಿ ಕೈ ಪಳಗದು, ಪಳಗದ ಕೈಗೆ ಕೊರಳು ಅಪಾಯದ ಜಾಗ. ಇತ್ತ ರೋಗಿ ಕುಸಿಯುತ್ತಿರುವಾಗ ವೈದ್ಯರ ಹಾದಿ ಕಾಯುವುದೂ ಅಪಾಯವೇ. ಈಗ ಅಲ್ಟ್ರಾಸೌಂಡ್ ನೆರವಿನಿಂದ ತೋಳಿನ ಆಳದ ನಾಳಗಳನ್ನು ಕಾಣಬಹುದು. ತುರ್ತಿನಲ್ಲಿ ಮೊಣಕಾಲಿನ ಕೆಳಗಿನ ಮೂಳೆಯ ಮಜ್ಜೆಗೇ ದ್ರವ ಹರಿಸಬಹುದು. ಕೊರಳು ತಿರುಗಿಸಿದರೆ ಕೊಳವೆ ಮಡಚಿಕೊಳ್ಳುವುದರಿಂದ ಈ ಸೆರೆಯ ದಾರಿ ಅಲ್ಪಕಾಲದ್ದು. ಬೇರೆ ದಾರಿ ಸಿಕ್ಕೊಡನೆ ಇದನ್ನು ತೆಗೆಯುವುದೇ ಲೇಸು.

ಹಾಗಾದರೆ ಸೂಜಿ ಯಾರ ಕೈಯಲ್ಲಿರಬೇಕು? ಕಲಿತ ಕೈಯಲ್ಲಿ, ಮತ್ತು ಕೊಳವೆ ಹಾಕಿದ ಮೇಲೂ ಪಕ್ಕದಲ್ಲೇ ನಿಲ್ಲುವವರ ಕೈಯಲ್ಲಿ. ಲಾಟಾ ಉಪಚರಿಸಿದ ಆ ವೃದ್ಧೆಗೆ ಕೊನೆಗೆ ಇಲ್ಲದೆ ಹೋದದ್ದು ಅಂಥವರೇ.