ಒಂದು ಖೋಲಿ ತಂಪು, ಒಂದು ಖೋಲಿ ಕಾವು

ಯುಗಾದಿ ಮುಗಿಯಿತು. ಬಿಸಿಲು ಏರಿತು. ಕಿತ್ತೂರು ಮಲೆನಾಡಿನ ಅಂಚಿಗೆ ಹತ್ತಿರ ಇದೆ. ಅಲ್ಲಿ ಗಾಳಿ ಸ್ವಲ್ಪ ತಂಪು. ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗಕ್ಕೆ ಹೋದಂತೆ ಬಯಲು ನಾಡು. ಬಿಸಿಲು ಜೋರು. ಇದು ನಮಗೆಲ್ಲ ಗೊತ್ತು.

ಆದರೆ ಒಂದೇ ಮನೆಯಲ್ಲಿ ಒಂದು ಖೋಲಿ ತಂಪು, ಇನ್ನೊಂದು ಖೋಲಿ ಕಾವು. ಇದು ಯಾಕೆ?

ಒಂದು ಮನೆ ನೋಡೋಣ. ಇಂಥ ಮನೆ ನಿಮ್ಮ ಊರಲ್ಲೂ ಇರಬಹುದು. ಮುಂದೆ ಪಡಸಾಲೆ. ಅದರ ಮೇಲೆ ಅಜ್ಜನ ಕಾಲದ ಮಣ್ಣಿನ ಮಾಳಿಗೆ. ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಸ್ಲ್ಯಾಬಿನ ಖೋಲಿ. ಹಿಂದೆ ತಗಡಿನ ಖೋಲಿ.

ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ. ಕೂಸು ಹುಟ್ಟಿ ಹದಿನಾಲ್ಕು ದಿನ. ಬಾಣಂತಿಯನ್ನು ತಗಡಿನ ಖೋಲಿಯಲ್ಲಿ ಮಲಗಿಸಿದ್ದಾರೆ. ಕಿಟಕಿ ಮುಚ್ಚಿದೆ. ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇದೆ.

"ಯವ್ವಾ, ಕೂಸು ಒಂದ ಸವನ ಅಳಾಕತ್ತೈತಿ. ಮೈ ಬಿಸಿ ಆಗೈತಿ" ಎಂದಳು ಮಗಳು.

"ಕಿಡಕಿ ತಗೀಬ್ಯಾಡ. ಕೂಸಿಗೆ ಥಂಡಿ ಹತ್ತತೈತಿ" ಎಂದಳು ತಾಯಿ.

ಆಗ ಆಶಾ ಕಾರ್ಯಕರ್ತೆ ಬಂದರು. ಅವರು ಯಾರನ್ನೂ ಬೈಯಲಿಲ್ಲ. ಮೊದಲು ಅಗ್ಗಿಷ್ಟಿಕೆ ಹೊರಗೆ ಇಡಿಸಿದರು. ಕೂಸನ್ನು ಪಡಸಾಲೆಗೆ ತಂದರು. ಒಂದು ಹೊದಿಕೆ ಕಡಿಮೆ ಮಾಡಿದರು. ಎದೆಹಾಲು ಕುಡಿಸಲು ಹೇಳಿದರು. ಥರ್ಮಾಮೀಟರ್ ಹಚ್ಚಿ ನೋಡಿದರು. ಸ್ವಲ್ಪ ಹೊತ್ತಿಗೆ ಮೈಕಾವು ಇಳಿಯಿತು. ಕೂಸು ಹಾಲು ಕುಡಿದು ಮಲಗಿತು.

"ಈಗ ಬರ್ರಿ ಯವ್ವಾ, ನಿಮ್ಮ ಮನಿ ಒಮ್ಮೆ ಸುತ್ತಿ ನೋಡೂಣು" ಎಂದರು.

ಮೇಲಿನಿಂದ ಬರುವ ಕಾವು

ಮೂರು ಖೋಲಿಗೂ ಹೋದರು. ಮೂರರ ಮಾಡೂ ಬೇರೆ ಬೇರೆ.

ತಗಡು ತೆಳ್ಳಗೆ ಇರುತ್ತದೆ. ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ. ಕಾದ ಹಂಚಿನ ಹಾಗೆ ಕೆಳಗಿದ್ದವರನ್ನು ಸುಡುತ್ತದೆ. ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ.

ಸ್ಲ್ಯಾಬು ದಪ್ಪ. ಅದು ಹಗಲೆಲ್ಲ ಕಾವು ಕುಡಿಯುತ್ತದೆ. ಸಂಜೆಯಿಂದ ಆ ಕಾವನ್ನು ಒಳಗೆ ಬಿಡುತ್ತದೆ. ಅದಕ್ಕೇ ಸ್ಲ್ಯಾಬಿನ ಖೋಲಿಯಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ.

ಮಣ್ಣಿನ ಮಾಳಿಗೆ ಇನ್ನೂ ದಪ್ಪ. ತೊಲೆ, ಜಂತಿ, ಅದರ ಮೇಲೆ ಮಣ್ಣು. ಕಾವು ಅದನ್ನು ದಾಟಲು ಬಹಳ ಹೊತ್ತು ಬೇಕು. ಅದಕ್ಕೇ ಮಧ್ಯಾಹ್ನ ಪಡಸಾಲೆ ತಂಪು.

ಗೋಡೆಯಿಂದ ಬರುವ ಕಾವು

ಸಂಜೆ ನಾಲ್ಕು ಗಂಟೆಗೆ ಪಡುವಣ ಗೋಡೆಗೆ ಒಳಗಿನಿಂದ ಕೈ ಹಚ್ಚಿ ನೋಡಿ. ಇಳಿ ಬಿಸಿಲು ನೇರವಾಗಿ ಆ ಗೋಡೆಗೆ ಬಡಿಯುತ್ತದೆ. ಗೋಡೆಯ ಆಚೆ ಒಲೆ ಇದ್ದರೆ ಆ ಕಾವೂ ಸೇರುತ್ತದೆ.

ಗಾಳಿ ನಿಂತರೆ

ಊದಿನಕಡ್ಡಿ ಹಚ್ಚಿ ಖೋಲಿಯ ನಡುವೆ ಹಿಡಿಯಿರಿ. ಹೊಗೆ ಒಂದು ಕಡೆ ಸಾಗಿದರೆ ಗಾಳಿ ಆಡುತ್ತಿದೆ. ಹೊಗೆ ಅಲ್ಲೇ ಸುತ್ತಿದರೆ ಗಾಳಿ ನಿಂತಿದೆ. ಗಾಳಿಗೆ ಒಂದು ದಾರಿ ಸಾಲದು. ಬರಲು ಒಂದು ದಾರಿ, ಹೋಗಲು ಒಂದು ದಾರಿ ಬೇಕು. ಬಿಸಿ ಗಾಳಿ ಮೇಲೆ ಏರುತ್ತದೆ. ಹಿರಿಯರು ಮಾಳಿಗೆಯಲ್ಲಿ ಬೆಳಕಿಂಡಿ ಬಿಟ್ಟದ್ದು ಬೆಳಕಿಗೆ ಮಾತ್ರ ಅಲ್ಲ. ಬಿಸಿ ಗಾಳಿಯೂ ಅಲ್ಲಿಂದ ಹೊರಗೆ ಹೋಗುತ್ತದೆ.

"ಮತ್ತ ಫ್ಯಾನ್ ಐತೆಲ್ರಿ ಅಕ್ಕಾರ?" ಎಂದಳು ತಾಯಿ.

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಇದ್ದ ಗಾಳಿಯನ್ನು ತಿರುಗಿಸುತ್ತದೆ. ಗಾಳಿ ಬಡಿದು ಬೆವರು ಆರಿದರೆ ನಮ್ಮ ಮೈ ತಂಪಾಗುತ್ತದೆ. ಆದರೆ ಮುಚ್ಚಿದ ತಗಡಿನ ಖೋಲಿಯಲ್ಲಿ ಫ್ಯಾನು ಮೇಲಿನ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ.

"ಪ್ಯಾಟ್ಯಾಗ ಏಸಿ ಇದ್ದವ್ರಿಗೆ ಈ ತ್ರಾಸ ಇಲ್ಲ, ಹೌದಲ್ರಿ?"

ಅವರಿಗೂ ಇದೆ. ದೊಡ್ಡ ಮನೆಗಳಲ್ಲಿ ಒಂದೇ ಯಂತ್ರದಿಂದ ಎಲ್ಲ ಖೋಲಿಗೂ ತಂಪು ಗಾಳಿ ಹೋಗುತ್ತದೆ. ಆದರೂ ಬಿಸಿಲು ಬಡಿಯುವ ಖೋಲಿ ಕಾಯುತ್ತದೆ. ಗಾಳಿಯ ದಾರಿ ಕಟ್ಟಿದ ಖೋಲಿಯೂ ಕಾಯುತ್ತದೆ. ಅಲ್ಲಿಯೂ ಕೇಳಬೇಕಾದ ಮಾತು ಎರಡೇ. ಕಾವು ಎಲ್ಲಿಂದ ಬರುತ್ತದೆ? ಗಾಳಿ ಎಲ್ಲಿ ನಿಂತಿದೆ?

ಏನು ಮಾಡಬೇಕು?

1. ಮಾಡಿಗೆ ಬಿಳಿ ಬಳಿಯಿರಿ. ಕರಿ ಚಂದ್ರಕಾಳಿ ಸೀರೆ, ಬಿಳಿ ಧೋತರ ಎರಡನ್ನೂ ಬಿಸಿಲಿಗೆ ಹಾಕಿ ಮುಟ್ಟಿ ನೋಡಿ. ಯಾವುದು ಹೆಚ್ಚು ಕಾಯುತ್ತದೆ? ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಸ್ಲ್ಯಾಬಿಗೆ ಸುಣ್ಣ ಸಾಕು. ಮಳೆಗೆ ತೊಳೆದು ಹೋಗುತ್ತದೆ, ವರ್ಷಕ್ಕೊಮ್ಮೆ ಬಳಿಯಬೇಕು. ತಗಡಿನ ಮೇಲೆ ಸುಣ್ಣ ಬೇಗ ಉದುರುತ್ತದೆ. ಅದಕ್ಕೆ ಬಿಳಿ ಬಣ್ಣ ಒಳ್ಳೆಯದು. ತಗಡಿನ ಮೇಲೆ ಕಾಲಿಡಬೇಡಿ, ಮುರಿದು ಬೀಳಬಹುದು. ಸುಣ್ಣ ಕಣ್ಣಿಗೆ ಸಿಡಿದರೆ ಕೂಡಲೇ ಬಹಳ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ.

2. ಪಡುವಣ ಗೋಡೆಗೆ ನೆರಳು ಮಾಡಿ. ಚಪ್ಪರ ಹಾಕಿ ಹೀರೆ, ಅವರೆ ಬಳ್ಳಿ ಹಬ್ಬಿಸಿ. ಜಾಗ ಇದ್ದರೆ ಬೇವಿನ ಗಿಡ ಹಚ್ಚಿ.

3. ಹೊರಗೆ ಬಿಸಿ ಗಾಳಿ ಇದ್ದಾಗ ಕಿಟಕಿಗೆ ಪರದೆ ಎಳೆಯಿರಿ. ರಾತ್ರಿ, ನಸುಕಿನಲ್ಲಿ ಕಿಟಕಿ ತೆರೆಯಿರಿ. ಬೆಳಕಿಂಡಿ ಮುಚ್ಚಿದ್ದರೆ ತೆಗೆಯಿರಿ.

4. ಗಾಳಿ ಬರುವ ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿ. ನೀರು ಆರುವಾಗ ಗಾಳಿ ತಂಪಾಗುತ್ತದೆ. ಹರವಿಯ ನೀರು ತಂಪಾಗುವುದೂ ಹೀಗೆಯೇ. ಆದರೆ ಗಾಳಿ ಹೊರಗೆ ಹೋಗಲು ಇನ್ನೊಂದು ದಾರಿ ತೆರೆದಿರಲಿ.

ತಂಪು ಖೋಲಿ ಯಾರಿಗೆ?

ಇದಕ್ಕೆ ಒಂದು ಪೈಸೆಯೂ ಬೇಡ. ಮನಸ್ಸು ಬೇಕು.

ಗಂಡಸರು ಕಟ್ಟೆಯ ಮೇಲೆ, ಅಂಗಳದಲ್ಲಿ ಮಲಗುತ್ತಾರೆ. ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾಗುತ್ತಾರೆ. ಬಾಣಂತಿ, ಕೂಸು, ಕಾಯಿಲೆಯ ಅಜ್ಜಿ ಹಿಂದಿನ ಖೋಲಿಯಲ್ಲಿ ಬೇಯುತ್ತಾರೆ. ಮನೆಯಲ್ಲಿ ತಂಪು ಇದೆ. ಬೇಕಾದವರಿಗೆ ಅದು ಸಿಗುವುದಿಲ್ಲ.

ಗುಜರಾತಿನ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಬಿಸಿಲು ಬಹಳ ಜನರ ಜೀವ ತೆಗೆಯಿತು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿತ್ತು. ಮಾಡಿನ ಕಾವು ನೇರವಾಗಿ ಅಲ್ಲಿಗೆ ಇಳಿಯುತ್ತಿತ್ತು. ಎಳೆ ಕೂಸುಗಳು ಕಾವಿನಿಂದ ಕಾಯಿಲೆ ಬೀಳುತ್ತಿದ್ದವು. ಆ ವಾರ್ಡನ್ನು ಕೆಳಗಿನ ಮಹಡಿಗೆ ತಂದರು. ಆಮೇಲೆ ಕಾಯಿಲೆ ಬೀಳುವ ಕೂಸುಗಳು ಕಡಿಮೆಯಾದವು. ಖೋಲಿ ಬದಲಾಯಿಸಿದ್ದೇ ಔಷಧವಾಯಿತು. 2013ರಲ್ಲಿ ಆ ಊರಿನ ನಗರಪಾಲಿಕೆ ಬಿಸಿಲಿನಿಂದ ಜನರನ್ನು ಕಾಪಾಡಲು ಒಂದು ಯೋಜನೆಯನ್ನೇ ಮಾಡಿತು.

ಕೂಸಿಗೆ ಶೀತ ಆಗಬಾರದು ಎಂಬ ತಾಯಿಯ ಮಾತು ಸುಳ್ಳಲ್ಲ. ಕೂಸನ್ನು ಬೆಚ್ಚಗೆ ಇಡಬೇಕು, ಬೇಯಿಸಬಾರದು. ಮುಚ್ಚಿದ ಖೋಲಿಯಲ್ಲಿ ಕೆಂಡ ಇಡಲೇಬೇಡಿ. ಕೆಂಡದಿಂದ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ. ನಿದ್ದೆಯಲ್ಲೇ ಜೀವ ಹೋಗಬಹುದು.

ಆರು ತಿಂಗಳವರೆಗೆ ಕೂಸಿಗೆ ಎದೆಹಾಲೇ ಸಾಕು. ಬೇಸಿಗೆಯಲ್ಲಿ ಹೆಚ್ಚು ಸಲ ಕುಡಿಸಿ. ತಾಯಿ ಹೆಚ್ಚು ನೀರು ಕುಡಿಯಲಿ. ತಂಪು ಖೋಲಿಗೆ ತಂದರೂ ಕೂಸಿನ ಮೈಕಾವು ಇಳಿಯದಿದ್ದರೆ, ಹಾಲು ಕುಡಿಯದಿದ್ದರೆ, ಕೈಕಾಲು ಸೋತು ಬಿದ್ದರೆ ತಡ ಮಾಡಬೇಡಿ. 108ಕ್ಕೆ ಫೋನು ಮಾಡಿ. ದೊಡ್ಡವರಿಗೆ ಮೈ ಸುಡುತ್ತಿದ್ದು ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಅವರಿಗೂ ಹೀಗೆಯೇ. ಗಾಡಿ ಬರುವ ತನಕ ದೊಡ್ಡವರ ಮೈಯನ್ನು ತಣ್ಣೀರಿನಿಂದ ಒರೆಸಿ, ಗಾಳಿ ಹಾಕಿ.

ಆ ರಾತ್ರಿ ಬಾಣಂತಿಯ ಹೊರಸು ಪಡಸಾಲೆಗೆ ಬಂತು. ನಡುವೆ ಒಂದು ಸೀರೆಯ ಪರದೆ ಕಟ್ಟಿದರು. ಅಪ್ಪ ತನ್ನ ಹಾಸಿಗೆ ತೆಗೆದುಕೊಂಡು ತಾನೇ ಕಟ್ಟೆಗೆ ಹೋದ.

ನೀವೂ ಮಾಡಿ ನೋಡಿ

ಈಗ ನಿಮಗೆ ಬರೆಯಲು ಬರುತ್ತದೆ. ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಮನೆಯ ಎಲ್ಲ ಖೋಲಿಗಳ ಹೆಸರು ಬರೆಯಿರಿ. ಮಧ್ಯಾಹ್ನ, ಸಂಜೆ, ರಾತ್ರಿ ಹೋಗಿ ನೋಡಿ. ತಂಪು ಇದ್ದರೆ 'ತಂ' ಎಂದು, ಕಾವು ಇದ್ದರೆ 'ಕಾ' ಎಂದು ಬರೆಯಿರಿ. ಪ್ರತಿ ಖೋಲಿಯಲ್ಲಿ ಯಾರು ಮಲಗುತ್ತಾರೆ, ಅದನ್ನೂ ಬರೆಯಿರಿ.

ಆಮೇಲೆ ಆ ಹಾಳೆಯನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ.